ಸಂಗಡಿಗರ ಘೋಷಣೆ

ಖಾನಾಪುರ ತಾಲೂಕು
೧೪ ಜನವರಿ ೨೦೨೩

ಸಲೋಮಿ ಟೀಚರ್ ಅವರಿಗೆ ಪ್ರಭುದಾಸನ ನಮಸ್ಕಾರ.

ದೇವರ ದಯೆಯಿಂದ ಸೌಖ್ಯ ಎಂದು ಬರೆಯುವುದು ರೂಢಿ. ಎಡಮಂಡಿ ನೋಯುತ್ತಿದೆ, ಉಳಿದದ್ದು ದೇವರ ದಯೆ.

ನಿಮ್ಮ ಕ್ರಿಸ್ಮಸ್ ಪತ್ರ ತಲುಪಿತು. "ಮಾಸ್ತರ, ನಿಮ್ಮ ಚುಕ್ಕಿ ಕಾಗದ ಬಂದೈತಿ ನೋಡ್ರಿ" ಎಂದು ಪೋಸ್ಟ್‌ಮನ್ ಓಣಿಗೆಲ್ಲ ಕೇಳುವಂತೆ ಕೂಗಿ ಕೊಟ್ಟ. ಈ ಊರಲ್ಲಿ ಬ್ರೈಲ್ ಓದುವವನು ನಾನೊಬ್ಬನೇ, ಹಾಗಾಗಿ ಅವನು ಬಿಚ್ಚಿ ನೋಡಿದರೂ ನನಗೆ ಚಿಂತೆಯಿಲ್ಲ. ಫೋನಿನಲ್ಲಿ ಮಾತಾಡಿದರೆ ಅಕ್ಕಪಕ್ಕದವರೆಲ್ಲ ಕಿವಿ ನಿಮಿರಿಸುತ್ತಾರೆ. ಅಂಧರ ಶಾಲೆ ಬಿಟ್ಟು ನಮಗಿಬ್ಬರಿಗೂ ಒಂಬತ್ತು ವರ್ಷವಾಯಿತು. ನಾನು ಅಲ್ಲಿ ಮಕ್ಕಳಿಗೆ ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಲಿಸುತ್ತಿದ್ದೆ, ನೀವು ಅಕ್ಷರ. ಕಣ್ಣಿದ್ದವರಾಗಿಯೂ ನೀವು ಈಗಲೂ ನನ್ನೊಬ್ಬನಿಗಾಗಿ ಬ್ರೈಲ್ ಮೊಳೆ ಹಿಡಿದು ಒಂದೊಂದೇ ಚುಕ್ಕಿ ಒತ್ತುತ್ತೀರಿ. ನನ್ನ ಹೆಂಡತಿ ಬಾಳವ್ವ ತೀರಿಕೊಂಡ ಮೇಲೆ ನನಗೆ ಬರುವ ಮಾತು ಎಂದರೆ ಹೆಚ್ಚುಕಡಿಮೆ ಇದೇ.

ಈಗ ವಿಷಯ. ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯರು ತೀರಿಕೊಂಡಿದ್ದರಿಂದ ಫೆಬ್ರವರಿ ೨೫ಕ್ಕೆ ಉಪಚುನಾವಣೆ. ನಿಂತವರು ಮೂವರು, ಅದರಲ್ಲಿ ಒಬ್ಬ ಲೆಕ್ಕಕ್ಕುಂಟು ಆಟಕ್ಕಿಲ್ಲ. ಉಳಿದವರು ಬ್ರಾಂದಿ ಅಂಗಡಿಯ ಗುರುಸಿದ್ದ ಮತ್ತು ಕುರಿ ಸಾಕುವ ಮನೆತನದ ಸತ್ಯವ್ವ. ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯ ಯಾಕೋಬಪ್ಪ ಎಲ್ಲರನ್ನೂ ಕೂರಿಸಿಕೊಂಡರು. "ಗುರುಸಿದ್ದ ಮಾತು ಕೊಟ್ಟಾನ. ನಮ್ಮವು ನಲವತ್ತೊಂದು ಮತ ಅವಗ ಬಿದ್ದರ ನಮ್ಮ ಸ್ಮಶಾನಕ್ಕ ದಾರಿ ಮಾಡಿಸಿ, ಬಾಜೂಕ ಕಟಾಂಜನ ಹಾಕಿಸಿ ಕೊಡ್ತಾನಂತ. ಒಪ್ಪಿದವರು ಎದ್ದು ನಿಂದರ್ರಿ" ಎಂದರು. ಬೆಂಚುಗಳೆಲ್ಲ ಕಿರುಗುಟ್ಟಿದವು. ಮೂರನೆಯ ಸಾಲಿನ ಒಂದು ಬೆಂಚು ಸುಮ್ಮನಿತ್ತು. ಅಂಗನವಾಡಿ ನಡೆಸುವ ಮಾಯಾ ಅಲ್ಲಿ ಕೂರುತ್ತಾಳೆ. ನನ್ನ ಹಾರ್ಮೋನಿಯಂ ಜೊತೆ ಎರಡನೆಯ ದನಿ ಹಾಡುವವಳು ಅವಳೇ. "ನನ್ನ ಮತ ನನ್ನ ಕಡೀನ ಇರ್ಲಿ ರೀ. ಅದನ್ನ ಇಲ್ಲಿ ಯಾಕ ಕೇಳ್ತೀರಿ?" ಎಂದಳು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಹಿಂದಿನಿಂದ ಯಾರೋ ಗೊಣಗಿದರು.

ನಾನೂ ಒಪ್ಪಿ ಎದ್ದು ನಿಂತಿದ್ದೆ. ಆ ಸ್ಮಶಾನ ನಿಮಗೆ ಗೊತ್ತಿಲ್ಲ. ಹಂಚಿನ ಭಟ್ಟಿಯವರು ಮಣ್ಣು ತೆಗೆದ ಹೊಂಡಗಳ ಆಚೆ ಇದೆ. ಹಣಮಪ್ಪನ ಹೊಲದ ಬದುವಿನ ಮೇಲೆ ಯಾರಾದರೂ ಕೈ ಹಿಡಿದು ನಡೆಸಿದರೆ ತಲುಪುತ್ತೇನೆ, ಇಲ್ಲದಿದ್ದರೆ ಹೊಂಡಕ್ಕೆ ಬೀಳುತ್ತೇನೆ. ಬಾಳವ್ವ ಹೋದಾಗಿನಿಂದ ನಾಲ್ಕು ಸಲ ಅವಳ ಹತ್ತಿರ ಹೋಗಿದ್ದೇನೆ. ನಾಲ್ಕು ಸಲವೂ ಕರೆದುಕೊಂಡು ಹೋದವರು ಹಿಂದೆ ಚಪ್ಪಲಿ ಕೆರೆಯುತ್ತ ನಿಂತಿದ್ದರು. ಕಟಾಂಜನದ ಸರಳು ಹಿಡಿದು ಒಬ್ಬನೇ ಹೋಗುವಂತಾದರೆ ಒಳ್ಳೆಯದು.

ಒಂದು ಉಪಕಾರ ಬೇಕು. ಪಂಚಾಯಿತಿ ಚುನಾವಣೆಯಲ್ಲಿ ಕಾಗದದ ಮತಪತ್ರ, ನನ್ನಂಥವನು ಒಬ್ಬ ಸಂಗಡಿಗನನ್ನು ಒಳಗೆ ಕರೆದೊಯ್ಯಬಹುದು. ಮೊದಲೆಲ್ಲ ಬಾಳವ್ವ ಬರುತ್ತಿದ್ದಳು. ಈ ಊರಿನವರನ್ನು ಯಾರನ್ನು ಕರೆದರೂ ಸಂಜೆಯೊಳಗೆ ನನ್ನ ಮತ ಚಹಾ ಅಂಗಡಿ ಮುಟ್ಟುತ್ತದೆ. ನಿಮ್ಮ ಬಾಯಿ ಭದ್ರ. ಬರುತ್ತೀರಾ?

ಪ್ರಭುದಾಸ

*

ಕ್ಯಾಂಪ್, ಬೆಳಗಾವಿ
೨೨ ಜನವರಿ ೨೦೨೩

ಪ್ರಿಯ ಪ್ರಭುದಾಸ ಮಾಸ್ತರರಿಗೆ,

ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ. ಅದು ಮೊದಲ ಮಾತು.

ಎರಡನೆಯ ಮಾತು ಕಹಿ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಮೂರು ಸಲವೂ ಸಿಟ್ಟು ಬಂತು. ನಲವತ್ತೊಂದು ಮತ ಕೊಡಿ, ದಾರಿ ತೆಗೆದುಕೊಳ್ಳಿ! ಇದು ಶನಿವಾರದ ಸಂತೆಯೇ? ಅದೂ ಆರಾಧನೆ ಮಾಡಿದ ಜಾಗದಲ್ಲಿ, ಪ್ರಾರ್ಥನೆ ಹೇಳಿದ ಬಾಯಿಂದ. ಮತ ಹಾಕುವುದು ನಮ್ಮ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ನಾನು ಹದಿನೆಂಟು ತುಂಬಿದವರನ್ನೆಲ್ಲ ಕಿವಿ ಹಿಡಿದು ಮತಗಟ್ಟೆಗೆ ಕಳಿಸಿದವಳು. ಆದರೆ ಆ ರಟ್ಟಿನ ಮರೆಯ ಹಿಂದೆ ನಿಂತಾಗಲೂ ನಾವು ದೇವರ ಮುಂದೆಯೇ ನಿಂತಿರುತ್ತೇವೆ. ನಮಗೆ ಏನು ಸಿಗುತ್ತದೆ ಎಂದು ಅಲ್ಲಿ ಕೇಳಬಾರದು, ಯಾವುದು ಸರಿ ಎಂದು ಕೇಳಬೇಕು.

ಬ್ರಾಂದಿ ಮಾರುವವನಿಗೆ ಮುದ್ರೆ ಒತ್ತುವುದು ಸರಿಯೇ? ನನ್ನ ತಮ್ಮ ಹೇಗೆ ಸತ್ತ ಎಂದು ನಿಮಗೆ ಗೊತ್ತು. ಮೂವತ್ತೆರಡನೆಯ ವಯಸ್ಸಿನಲ್ಲಿ, ಖಡೇ ಬಜಾರಿನ ಗಟಾರದ ಬದಿಯಲ್ಲಿ. ಅವನನ್ನು ಎತ್ತಿಕೊಂಡು ಬಂದವರ ಶರ್ಟಿಗೆ ಹತ್ತಿದ ವಾಸನೆ ನನಗೆ ಇಂದಿಗೂ ಮೂಗಿನಲ್ಲಿದೆ.

ದಾರಿ, ದಾರಿ ಎಂದು ಬರೆದಿದ್ದೀರಿ. ಸತ್ತವರು ನಡೆದಾಡುವುದಿಲ್ಲ ಮಾಸ್ತರ. ಬಾಳವ್ವ ಆ ಮಣ್ಣಿನಲ್ಲಿಲ್ಲ ಎಂದು ನಾನು ನಿಮಗೆ ಕಲಿಸಬೇಕಾಗಿಲ್ಲ. ಸಭೆಯವರು ಗೋರಿಗಳ ಚಿಂತೆ ಬಿಟ್ಟು ಬದುಕಿದವರ ಚಿಂತೆ ಮಾಡಲಿ.

ಬರುತ್ತೇನೆ. ಬಾರದೆ ಇರುತ್ತೇನೆಯೇ? ಹಿತ್ತಲಿನ ಈ ಒಂದು ಕೋಣೆಯಲ್ಲಿ ಬೆಳಿಗ್ಗೆ ಮಿಲಿಟರಿಯವರ ಕಹಳೆ ಕೇಳಿ ಏಳುತ್ತೇನೆ, ಆಮೇಲೆ ಸಂಜೆಯವರೆಗೆ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ. ನೀವು ಕರೆದಿದ್ದೀರಿ. ಆದರೆ ಅಷ್ಟರೊಳಗೆ ಮನಸ್ಸು ಬದಲಿಸಿ. ನಿಮಗಾಗಿ ದಿನವೂ ಪ್ರಾರ್ಥಿಸುತ್ತೇನೆ.

ಸಲೋಮಿ

*

ಖಾನಾಪುರ ತಾಲೂಕು
೨ ಫೆಬ್ರವರಿ ೨೦೨೩

ಸಲೋಮಿ ಟೀಚರ್ ಅವರಿಗೆ,

ಎಣ್ಣೆ ಹಚ್ಚಿದೆ. ಮಂಡಿ ನಿಮ್ಮಂತೆಯೇ, ಹೇಳಿದ ಮಾತು ಕೇಳುವುದಿಲ್ಲ.

ನಿಮ್ಮ ಉಪದೇಶವನ್ನು ಬೆರಳು ಸವೆಯುವಷ್ಟು ಓದಿದೆ. ಸತ್ತವರು ನಡೆಯುವುದಿಲ್ಲ, ನಿಜ. ಸತ್ಯವ್ವ ಒಳ್ಳೆಯವಳು, ಅದೂ ನಿಜ. ಮೊನ್ನೆ ನಮ್ಮ ಓಣಿಗೆ ಬಂದಿದ್ದಳು. ಸ್ಮಶಾನದ ದಾರಿ ಕೇಳಿದ್ದಕ್ಕೆ, "ಅದು ಹಣಮಪ್ಪನ ಸ್ವಂತ ಹೊಲ ಐತಿ. ಅವ ಬಿಟ್ಟರ ಆತು, ಇಲ್ಲಂದ್ರ ಇಲ್ಲ. ಆಗ್ತೈತಿ ಅಂತ ಸುಳ್ಳು ಹೇಳಾಕ ನನಗ ಬರಂಗಿಲ್ಲ ರೀ" ಎಂದಳು. ಹೀಗೆ ಹೇಳಿ ಯಾರಾದರೂ ಗೆದ್ದಿದ್ದುಂಟೇ ಎಂದು ನಮ್ಮವರು ನಕ್ಕರು. ನನಗೆ ಅವಳ ಮೇಲೆ ಗೌರವ ಬಂತು.

ಆದರೂ ನನ್ನ ಮತ ಗುರುಸಿದ್ದನಿಗೆ. ಯಾಕೋಬಪ್ಪ ಎದ್ದು ನಿಲ್ಲಿಸಿದರು ಎಂದಲ್ಲ. ನನಗೆ ಎರಡು ಕಾರಣಗಳಿವೆ. ಒಂದನ್ನು ಬರೆದಿದ್ದೇನೆ, ಇನ್ನೊಂದು ನನ್ನಲ್ಲೇ ಇರಲಿ. ಯೋಚನೆ ಮಾಡಿಯೇ ಹೇಳುತ್ತಿದ್ದೇನೆ, ದೇವರ ಮುಂದೆಯೇ ಹೇಳುತ್ತಿದ್ದೇನೆ.

ಇದು ನಿಮಗೆ ಒಗ್ಗದಿದ್ದರೆ ಈಗಲೇ ತಿಳಿಸಿ. ಬೇಸರವಿಲ್ಲ, ಯಾಕೋಬಪ್ಪನನ್ನೇ ಕರೆದುಕೊಂಡು ಹೋಗುತ್ತೇನೆ. ಒಪ್ಪಿಗೆಯಿದ್ದರೆ ಪತ್ರ ಬೇಡ, ೨೫ರ ಶನಿವಾರ ಬೆಳಿಗ್ಗೆ ಬನ್ನಿ. ಸ್ಟ್ಯಾಂಡಿನಿಂದ ಟಂಟಂ ರಿಕ್ಷಾ ಸಿಗುತ್ತದೆ. ಊಟಕ್ಕೆ ಬದನೆಕಾಯಿ ಮಾಡುವಂತೆ ಪಕ್ಕದ ಮನೆಯವರಿಗೆ ಹೇಳಿದ್ದೇನೆ.

ಪ್ರಭುದಾಸ

*

ಕ್ಯಾಂಪ್, ಬೆಳಗಾವಿ
೨೭ ಫೆಬ್ರವರಿ ೨೦೨೩

ಪ್ರಿಯ ಮಾಸ್ತರರಿಗೆ,

ಸುಖವಾಗಿ ತಲುಪಿದೆ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಕಿಟಕಿಯ ಬದಿಯದೇ. ದೇಸೂರಿನ ಹತ್ತಿರ ಅರ್ಧ ತಾಸು ನಿಂತಿತು, ಯಾಕೆಂದು ಯಾರೂ ಹೇಳಲಿಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು ಎರಡು ಮಣ್ಣಿನ ಕೊಡಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಖಾನಾಪುರದ ಕೊಡದಲ್ಲಿ ನೀರು ಬೇಗ ತಣ್ಣಗಾಗುತ್ತದೆಯಂತೆ, ಮರಾಠಿಯಲ್ಲಿ ಬೆಳಗಾವಿಯವರೆಗೂ ಅದನ್ನೇ ಹೇಳಿದಳು. ಬದನೆಕಾಯಿ ಬಹಳ ರುಚಿಯಾಗಿತ್ತು. ನಿಮ್ಮ ಮನೆ ಚೊಕ್ಕಟವಾಗಿದೆ. ಬಾಗಿಲ ಬಳಿಯ ಆ ಮುರುಕು ಸ್ಟೂಲನ್ನು ಮಾತ್ರ ತೆಗೆಸಿ, ಕಾಲಿಗೆ ತಾಗುತ್ತದೆ.

ನಿಮ್ಮ ಸಂಗಡ ಒಳಗೆ ಬಂದಿದ್ದಕ್ಕೆ ನನ್ನ ಬಲಗೈ ತೋರುಬೆರಳಿಗೆ ಶಾಯಿ ಹಚ್ಚಿದರಲ್ಲ, ಇಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಚುನಾವಣೆಯೇ ಇಲ್ಲದ ಊರಲ್ಲಿ ಬೆರಳಿಗೆ ಶಾಯಿ ಎಲ್ಲಿಯದು ಎಂದು ಹಾಲಿನವಳು ನಕ್ಕಳು. ಸೋಪು ಹಾಕಿ ತಿಕ್ಕಿದೆ, ಹೋಗುವುದಿಲ್ಲ.

ಮತಗಟ್ಟೆಯಲ್ಲಿ ಎಲ್ಲ ಸರಿಯಾಗಿ ನಡೆಯಿತು. ಅಧಿಕಾರಿಗಳು ಸಜ್ಜನರು. ನಿಮ್ಮ ಕರ್ತವ್ಯ ನೀವು ಮಾಡಿದಿರಿ. ಇನ್ನು ಅದರ ಬಗ್ಗೆ ಯೋಚಿಸಬೇಡಿ.

ಬಿಸಿಲು ಏರುತ್ತಿದೆ. ನೀರು ಹೆಚ್ಚು ಕುಡಿಯಿರಿ.

ಸಲೋಮಿ

*

ಖಾನಾಪುರ ತಾಲೂಕು
೩ ಮಾರ್ಚ್ ೨೦೨೩

ಸಲೋಮಿ ಟೀಚರ್ ಅವರಿಗೆ,

ಮಂಗಳವಾರ ಎಣಿಕೆಯಾಯಿತು. ಸತ್ಯವ್ವ ಮೂರು ಮತಗಳಿಂದ ಗೆದ್ದಳು. ನಿಮಗೆ ಸಂತೋಷವಾಗುತ್ತದೆ ಎಂದು ಮೊದಲು ಇದನ್ನೇ ಬರೆಯುತ್ತಿದ್ದೇನೆ.

ಸೋತ ಸಿಟ್ಟಿನಲ್ಲಿ ಗುರುಸಿದ್ದನ ಹುಡುಗರು ಯಾಕೋಬಪ್ಪನ ಮನೆಗೆ ಬಂದು, "ನಿಮ್ಮೊಳಗಿನವರ ಕೈಕೊಟ್ಟಾರ" ಎಂದು ಕೂಗಾಡಿದರು. ಯಾಕೋಬಪ್ಪನಿಗೆ ಹುಡುಕುವ ಕಷ್ಟವಿರಲಿಲ್ಲ. ಅವತ್ತು ಎದ್ದು ನಿಲ್ಲದವಳು ಒಬ್ಬಳೇ. ಅವಳ ಮನೆಯವರನ್ನೂ ಸೇರಿಸಿದರೆ ಮೂರು ಮತ ಆಗುತ್ತದಂತೆ. ನಿನ್ನೆ ನಲ್ಲಿಯ ಹತ್ತಿರ ಮಾಯಾಳ ಕೊಡವನ್ನು ಸಾಲಿನಿಂದ ಎತ್ತಿ ಆಚೆ ಇಟ್ಟರೆಂದು ಕೇಳಿದೆ. ಯಾರಿಗೆ ಹಾಕಿದೆ ಹೇಳಿಬಿಡು ಎಂದು ಹೆಂಗಸರು ಸುತ್ತುಗಟ್ಟಿದರಂತೆ. ಅವಳು, "ಹೇಳಂಗಿಲ್ಲ. ಅವಗ ಹಾಕಿದ್ರೂ ಹೇಳಂಗಿಲ್ಲ, ಆಕಿಗ ಹಾಕಿದ್ರೂ ಹೇಳಂಗಿಲ್ಲ" ಎಂದಳಂತೆ.

ಒಂದು ಸಣ್ಣ ಸಂಗತಿ ಕೇಳಬೇಕಿತ್ತು. ಒಳಗೆ ಹೋಗುವ ಮೊದಲು ಅಧಿಕಾರಿ ಮೂರು ಹೆಸರನ್ನೂ ಓದಿ ಹೇಳಿದರು, ಗುರುಸಿದ್ದನದು ಮೇಲೆ, ಸತ್ಯವ್ವನದು ಕೆಳಗೆ. ಮತಪತ್ರ ಎಷ್ಟು ಉದ್ದವಿತ್ತು? ಒಂದು ಗೇಣಾದರೂ ಇದ್ದಿರಬೇಕು ಎಂದು ನನ್ನ ಅಂದಾಜು.

ಪ್ರಭುದಾಸ

*

ಕ್ಯಾಂಪ್, ಬೆಳಗಾವಿ
೧೪ ಮಾರ್ಚ್ ೨೦೨೩

ಪ್ರಿಯ ಮಾಸ್ತರರಿಗೆ,

ತಡವಾಯಿತು, ಕ್ಷಮಿಸಿ. ನೆಗಡಿಯಾಗಿತ್ತು.

ಮತಪತ್ರದ ಉದ್ದ ನನಗೆ ನೆನಪಿಲ್ಲ. ಆ ಬಗ್ಗೆ ನಾವು ಬರೆಯಲೂಬಾರದು. 'ಸಂಗಡಿಗರ ಘೋಷಣೆ' ಎಂಬ ಆ ಕಾಗದಕ್ಕೆ ನಾನು ಸಹಿ ಮಾಡಿದ್ದೇನೆ. ಮತದಾರನ ಪರವಾಗಿ ಗುರುತು ಮಾಡಿದ್ದನ್ನು ಗುಟ್ಟಾಗಿ ಇಡುತ್ತೇನೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಮಾತು ಕೊಟ್ಟ ಮೇಲೆ ಮುಗಿಯಿತು.

ಮಾಯಾಳ ವಿಷಯ ಓದಿ ಕೆಟ್ಟದೆನಿಸಿತು. ಅವಳು ಅವತ್ತು ಎಲ್ಲರೊಡನೆ ಎದ್ದು ನಿಂತಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಸತ್ಯ ಒಂದು ದಿನ ಹೊರಗೆ ಬಂದೇ ಬರುತ್ತದೆ, ತಾಳ್ಮೆಯಿಂದ ಇರಲು ಅವಳಿಗೆ ಹೇಳಿ. ಒಳ್ಳೆಯವಳೊಬ್ಬಳು ಗೆದ್ದಳು ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು, ಅಲ್ಲವೇ?

ಪಾರ್ಸೆಲ್‌ನಲ್ಲಿ ಬೆತ್ತದ ಸುರುಳಿ, ಮಂಡಿಗೆ ಒಂದು ಪಟ್ಟಿ, ಮತ್ತು ಕುಂದಾ ಕಳಿಸಿದ್ದೇನೆ. ಕುಂದಾ ಬೇಗ ತಿಂದು ಮುಗಿಸಿ.

ಸಲೋಮಿ

*

ಖಾನಾಪುರ ತಾಲೂಕು
೨೯ ಮಾರ್ಚ್ ೨೦೨೩

ಸಲೋಮಿ ಟೀಚರ್ ಅವರಿಗೆ,

ಪಾರ್ಸೆಲ್ ಬಂತು. ಕುಂದಾ ಪಕ್ಕದ ಮನೆಯವರಿಗೆ ಕೊಟ್ಟೆ.

ಈಸ್ಟರ್ ಹಾಡಿನ ಮೇಳದಿಂದ ಮಾಯಾಳನ್ನು ಬಿಟ್ಟಿದ್ದಾರೆ. ಭಾನುವಾರ ಅಭ್ಯಾಸದಲ್ಲಿ ಅವಳ ದನಿ ಬರಬೇಕಾದ ಜಾಗದಲ್ಲಿ ನಾನು ಹಾರ್ಮೋನಿಯಂ ನಿಲ್ಲಿಸಿಬಿಟ್ಟೆ. ಯಾಕೆ ನಿಲ್ಲಿಸಿದಿರಿ ಎಂದರು. ಗಾಳಿ ಸೋರುತ್ತಿದೆ ಎಂದೆ. ಅಂಗನವಾಡಿಗೂ ನಮ್ಮವರ ಮಕ್ಕಳು ಹೋಗುತ್ತಿಲ್ಲ. ತಾಳ್ಮೆಯಿಂದ ಇರು ಎಂದು ನೀವು ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ.

ಬರೆಯುವುದಕ್ಕೆ ಬೇರೇನೂ ಇಲ್ಲ.

ಪ್ರಭುದಾಸ

*

ಕ್ಯಾಂಪ್, ಬೆಳಗಾವಿ
೧೦ ಏಪ್ರಿಲ್ ೨೦೨೩

ಮಾಸ್ತರರೇ,

ನಿನ್ನೆ ಈಸ್ಟರ್. ಬೆಳಿಗ್ಗೆ ಐದಕ್ಕೆ ಎಲ್ಲರ ಜೊತೆ ಸ್ಮಶಾನಕ್ಕೆ ಹೋಗಿ ತಮ್ಮನ ಗೋರಿಯ ಮೇಲೆ ಮೇಣದಬತ್ತಿ ಹಚ್ಚಿದೆ. ಹಚ್ಚುವಾಗ ನಿಮ್ಮ ನೆನಪಾಯಿತು. ಸತ್ತವರಿಗೆ ದಾರಿ ಯಾಕೆ ಎಂದು ನಿಮಗೆ ಬರೆದವಳು, ಇಲ್ಲಿಗೆ ಪ್ರತಿ ವರ್ಷ ಡಾಂಬರು ರಸ್ತೆಯ ಮೇಲೆ ಆಟೋದಲ್ಲಿ ಬರುತ್ತೇನೆ. ನಾಚಿಕೆಯಾಯಿತು. ಆಮೇಲೆ ಆರಾಧನೆಗೆ ಕೂರಲಾಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಂತೆ ಪಾಸ್ಟರ್ ಹೇಳುವ ಮಾತೆಲ್ಲ ನನಗೇ ಎಂದು ಕೇಳಿಸುತ್ತಿತ್ತು.

ನಾನು ಗುರುಸಿದ್ದನಿಗೆ ಒತ್ತಲಿಲ್ಲ. ಸತ್ಯವ್ವನಿಗೆ ಒತ್ತಿದೆ.

ನೀವು ಕಿವಿಯಲ್ಲಿ "ಮ್ಯಾಲಿಂದು" ಎಂದಿರಿ. ಮುದ್ರೆ ಎತ್ತಿದೆ. ಅವನ ಹೆಸರಿನ ಮುಂದೆ ಕೈ ಒಯ್ದೆ. ಖರೇ ಹೇಳುತ್ತೇನೆ, ಆಗ ಆ ಗಟಾರದ ವಾಸನೆ ಬಂತು. ನನ್ನ ಕೈಯಿಂದ ಇದು ಆಗದು ಎನ್ನಿಸಿತು. ಹಾಗೆನ್ನಿಸಿದ್ದು ತಪ್ಪಲ್ಲ ಎಂದು ಈಗಲೂ ಅನ್ನುತ್ತೇನೆ. ಆದರೆ ಮುದ್ರೆ ಕೆಳಗಿಟ್ಟು "ನನ್ನಿಂದ ಆಗದು, ಬೇರೆಯವರನ್ನು ಕರೆಯಿರಿ" ಎನ್ನಬಹುದಿತ್ತು. ಒಂದು ಮಾತು. ಅದನ್ನು ಹೇಳಿದ್ದರೆ ನಿಮ್ಮ ಮತ ನಿಮಗೆ, ನನ್ನ ಮನಸ್ಸಾಕ್ಷಿ ನನಗೆ ಉಳಿಯುತ್ತಿತ್ತು. ಹೇಳಲಿಲ್ಲ. ನಿಮಗೆ ಕಾಣುವುದಿಲ್ಲ, ಅದಕ್ಕೇ ಹೇಳಲಿಲ್ಲ.

ಇಪ್ಪತ್ತೆರಡು ವರ್ಷ ಕುರುಡು ಮಕ್ಕಳಿಗೆ ಕಲಿಸಿದವಳು ನಾನು. ಅವರ ತಟ್ಟೆಯಿಂದ ಒಂದು ಬಿಸ್ಕೀಟು ಎತ್ತಿದ ಅಡುಗೆಯವನನ್ನು ಕೆಲಸದಿಂದ ತೆಗೆಸಿದ್ದೆ, ನಿಮಗೆ ನೆನಪಿರಬಹುದು.

ಮಾಯಾಳ ಮೇಲೆ ಬಂದದ್ದು ನನ್ನದು. ನಿಮ್ಮ ಉತ್ತರ ಬಂದ ಮೇಲಿನ ಭಾನುವಾರ ಬಂದು ಸಭೆಯ ಮುಂದೆ ಹೇಳುತ್ತೇನೆ. ನೀವು ಕ್ಷಮಿಸಿದ್ದೇನೆ ಎಂದು ಒಂದು ಸಾಲು ಬರೆಯಿರಿ, ಬರುವ ಧೈರ್ಯ ಬರುತ್ತದೆ.

ಸಲೋಮಿ

*

ಖಾನಾಪುರ ತಾಲೂಕು
೧೯ ಏಪ್ರಿಲ್ ೨೦೨೩

ಸಲೋಮಿ ಅವರಿಗೆ,

ಬರಬೇಡಿ. ಹೇಳುವ ಕೆಲಸ ಮುಗಿದಿದೆ.

ನನಗೆ ಅವತ್ತೇ ಗೊತ್ತಿತ್ತು. ನನ್ನ ಕೈ ನಿಮ್ಮ ಮೊಣಕೈ ಮೇಲಿತ್ತು. ಅದು ಮೊದಲು ಮುಂದೆ ಹೋಯಿತು, ನಿಂತಿತು, ಆಮೇಲೆ ನನ್ನ ಕಡೆಗೆ ಒಂದು ಗೇಣು ಹಿಂದೆ ಬಂತು. ಆಗ ಮುದ್ರೆಯ ಸದ್ದು ಕೇಳಿತು. ನಲವತ್ತು ವರ್ಷ ಬೆತ್ತ ಹೆಣೆದವನಿಗೆ ಮೇಲು ಯಾವುದು ಕೆಳಗೆ ಯಾವುದು ಎಂದು ಗೊತ್ತಾಗುವುದಿಲ್ಲವೇ? ಊಟ ಮಾಡುವಾಗ ಹೇಳುತ್ತೀರಿ ಎಂದುಕೊಂಡೆ. ಟಂಟಂ ಹತ್ತುವಾಗ ಹೇಳುತ್ತೀರಿ ಎಂದುಕೊಂಡೆ. ಪತ್ರದಲ್ಲಿ ಹೇಳುತ್ತೀರಿ ಎಂದು ಬಸ್ಸಿನ ಕಿಟಕಿ, ಮಣ್ಣಿನ ಕೊಡ ಎಲ್ಲವನ್ನೂ ಬೆರಳಿಟ್ಟು ದಾಟಿದೆ. ಮತಪತ್ರದ ಉದ್ದ ಕೇಳಿದೆ. ನೀವು ಘೋಷಣೆಯ ಕಾಗದ ತೋರಿಸಿದಿರಿ.

ತಪ್ಪು ನಿಮ್ಮೊಬ್ಬರದಲ್ಲ. ನಿಮ್ಮ ಹೆಸರು ಹೊರಗೆ ಬರಬಾರದು ಎಂದು ನಾನು ಆರು ವಾರ ಬಾಯಿ ಮುಚ್ಚಿಕೊಂಡಿದ್ದೆ. ನಲ್ಲಿಯ ಹತ್ತಿರ ಮಾಯಾಳ ಕೊಡ ಆಚೆ ಇಟ್ಟಾಗಲೂ ಮುಚ್ಚಿಕೊಂಡಿದ್ದೆ. ನನಗೆ ಪತ್ರ ಬರುವುದು ನಿಮ್ಮಿಂದ ಮಾತ್ರ. ಅದು ನಿಲ್ಲುತ್ತದೆ ಎಂಬ ಭಯ. ಒಬ್ಬಳನ್ನು ಒಂಟಿ ಮಾಡಿ ನಾನು ಒಂಟಿಯಾಗದಂತೆ ನೋಡಿಕೊಂಡೆ. ಇದನ್ನು ದೇವರಿಗೆ ಹೇಳಿದ್ದೇನೆ, ಮಾಯಾಳಿಗೂ ಹೇಳಿದೆ.

ಈಸ್ಟರ್ ಹಿಂದಿನ ಶುಕ್ರವಾರ ಆರಾಧನೆ ಮುಗಿದಾಗ ಎದ್ದು ನಿಂತೆ. "ಗುರುಸಿದ್ದಗ ಬೀಳದ ಮತ ನಂದು. ಮಾಯಾನ್ನ ಬಿಡ್ರಿ" ಎಂದೆ. ನಿಮ್ಮ ಹೆಸರು ಹೇಳಲಿಲ್ಲ. ಹೇಳಿದ್ದರೆ ಅಯ್ಯೋ ಪಾಪ, ಕುರುಡನಿಗೆ ಮೋಸವಾಯಿತು ಎನ್ನುತ್ತಿದ್ದರು. ಅದನ್ನು ಕೇಳಲು ನನಗೆ ಇಷ್ಟವಿರಲಿಲ್ಲ. ಯಾಕೋಬಪ್ಪ, "ನಿನ್ನ ಹೇಣ್ತಿ ಸಲುವಾಗಿನ ದಾರಿ ಕೇಳಿದ್ವಲ್ಲೋ ಮಾರಾಯ" ಎಂದರು. ಹಾರ್ಮೋನಿಯಂಗೆ ಈಗ ಬೇರೆಯವರನ್ನು ಕೂರಿಸಿದ್ದಾರೆ.

ಎರಡನೆಯ ಕಾರಣ ನನ್ನಲ್ಲೇ ಇರಲಿ ಎಂದಿದ್ದೆ. ಈಗ ಹೇಳುತ್ತೇನೆ. ಬಾಳವ್ವ ಹೋದದ್ದು ಕರೋನಾ ಕಾಲದಲ್ಲಿ. ನಮ್ಮ ಸಭೆಯವರು ಯಾರೂ ಹತ್ತಿರ ಬರಲಿಲ್ಲ, ಯಾಕೋಬಪ್ಪನೂ ಬರಲಿಲ್ಲ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಗುರುಸಿದ್ದ ತನ್ನ ಬಾಟಲಿ ಸಾಗಿಸುವ ಟೆಂಪೋ ತೊಳೆದು ತಂದ. ತಾನೇ ಪೆಟ್ಟಿಗೆ ಹೊತ್ತ, ತಾನೇ ಬದುವಿನ ಮೇಲೆ ನನ್ನನ್ನು ನಡೆಸಿದ. ಅವನು ಮಾರುವುದು ವಿಷ ಎಂದು ನನಗೂ ಗೊತ್ತು. ಆದರೂ ಅವತ್ತು ನನ್ನ ಕೈ ಹಿಡಿದದ್ದು ಅವನು. ಇದೆಲ್ಲವನ್ನೂ ತೂಗಿ ನೋಡಿಯೇ ನಾನು ನಿರ್ಧಾರ ಮಾಡಿದ್ದೆ. ತಪ್ಪು ನಿರ್ಧಾರವೇ ಇದ್ದೀತು. ತಪ್ಪಾಗಿದ್ದರೆ ದೇವರ ಮುಂದೆ ಅದಕ್ಕೆ 'ನಾನು ಮಾಡಿದೆ' ಎಂದು ಹೇಳಬೇಕಾದವನು ನಾನು. ಅದನ್ನೂ ನೀವು ತೆಗೆದುಕೊಂಡುಬಿಟ್ಟಿರಿ.

ನನ್ನ ಅಂಗಿಯ ಬಣ್ಣ ಬೇರೆಯವರು ಆರಿಸುತ್ತಾರೆ. ರಸ್ತೆ ಯಾವಾಗ ದಾಟಬೇಕೆಂದು ಬೇರೆಯವರು ಹೇಳುತ್ತಾರೆ. ಐದು ವರ್ಷಕ್ಕೊಮ್ಮೆ ಒಂದು ಮುದ್ರೆ ನನ್ನದು ಇತ್ತು.

ಕ್ಷಮಿಸಿದ್ದೇನೆ. ನೀವು ಕೇಳಿದ ಸಾಲು ಇದು. ಈಸ್ಟರ್ ಬೆಳಿಗ್ಗೆ ಮಾಯಾ ಬಂದು ನನ್ನನ್ನು ಬಾಳವ್ವನ ಹತ್ತಿರ ಕರೆದುಕೊಂಡು ಹೋದಳು. ನಾನು ಮಾಡಿದ್ದು ಗೊತ್ತಿದ್ದೂ ಬಂದಳು. ಚಪ್ಪಲಿ ಕೆರೆಯದೆ ನೆಲದ ಮೇಲೆ ಕೂತಳು.

ಪ್ರಭುದಾಸ

*

ಕ್ಯಾಂಪ್, ಬೆಳಗಾವಿ
೩೦ ಏಪ್ರಿಲ್ ೨೦೨೩

ಮಾಸ್ತರರೇ,

ಟೆಂಪೋದ ವಿಷಯ ಒಂದು ಸಲ ಬರೆದಿದ್ದರೆ? ನನಗೆ ಹೇಳಬಾರದಿತ್ತೇ? ಎಂದು ಬರೆದು, ಆ ಹಾಳೆ ಹರಿದು, ಮತ್ತೆ ಹೊಸದು ಹಾಕಿದೆ. ಹೇಳಿದ್ದರೂ ನಾನು ಉಪದೇಶವನ್ನೇ ಮಾಡುತ್ತಿದ್ದೆ.

ಮಾಯಾಳಿಗೂ ಒಂದು ಪತ್ರ ಹಾಕಿದ್ದೇನೆ. ಎಲ್ಲವನ್ನೂ ನನ್ನ ಹೆಸರಿಟ್ಟು ಬರೆದಿದ್ದೇನೆ. ಸಭೆಯ ಮುಂದೆ ಓದಬೇಕೆನಿಸಿದರೆ ಅವಳು ಓದಲಿ, ಸುಡಬೇಕೆನಿಸಿದರೆ ಸುಡಲಿ.

ಮೇ ಹತ್ತಕ್ಕೆ ವಿಧಾನಸಭೆ ಚುನಾವಣೆ. ಇಲ್ಲಿ ಬೆಳಿಗ್ಗೆ ಏಳಕ್ಕೇ ನನ್ನ ಮತ ಹಾಕಿ ಒಂಬತ್ತರ ಬಸ್ಸು ಹಿಡಿದರೆ ಹನ್ನೊಂದರೊಳಗೆ ನಿಮ್ಮೂರಿನಲ್ಲಿರುತ್ತೇನೆ. ಒಳಗೆ ಬರುವುದಿಲ್ಲ. ಮತಗಟ್ಟೆಯ ಬಾಗಿಲವರೆಗೆ ನಡೆಸಿ ಬಿಡುತ್ತೇನೆ, ಅಷ್ಟೇ. ಇಲ್ಲವೇ ಹೊರಗೆ ಮರದ ಕೆಳಗೆ ನಿಲ್ಲುತ್ತೇನೆ. ನಿಮಗೆ ನಾನಿದ್ದದ್ದು ಗೊತ್ತೂ ಆಗುವುದಿಲ್ಲ.

ಈಗ ಬರೆದ ಸಾಲನ್ನು ಮತ್ತೆ ಓದಿದೆ. ನಿಮಗೆ ಗೊತ್ತಾಗುವುದಿಲ್ಲ ಎಂದು ಮತ್ತೆ ಬರೆದುಬಿಟ್ಟೆ. ಇದನ್ನು ಹರಿಯುವುದಿಲ್ಲ, ನಾನು ಎಂಥವಳೆಂದು ನಿಮಗೆ ತಿಳಿದಿರಲಿ.

ಕಹಳೆ ಕೇಳಿ ಏಳುತ್ತೇನೆ, ಪೋಸ್ಟ್‌ಮನ್ ಬರುವವರೆಗೆ ಬಾಗಿಲು ತೆರೆದಿಡುತ್ತೇನೆ. ಬೈದಾದರೂ ಬರೆಯಿರಿ.

ಸಲೋಮಿ

*

ಖಾನಾಪುರ ತಾಲೂಕು
೧೧ ಮೇ ೨೦೨೩

ಸಲೋಮಿ ಟೀಚರ್ ಅವರಿಗೆ ಪ್ರಭುದಾಸನ ನಮಸ್ಕಾರ.

ನೀವು ನಿನ್ನೆ ಬಂದಿದ್ದಿರೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಿದ್ದರೆ, ನಿಮಗೆ ನೆರಳು ಸಿಕ್ಕಿತೆಂದು ನಂಬುತ್ತೇನೆ. ಬಿಸಿಲು ಬಹಳವಿತ್ತು.

ಮಾಯಾ ನಿಮ್ಮ ಪತ್ರವನ್ನು ಯಾರಿಗೂ ಓದಿ ಹೇಳಿಲ್ಲ. ಸುಟ್ಟೂ ಇಲ್ಲ. ಅಂಗನವಾಡಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಅಲ್ಲಿಗೆ ಈಗ ನಮ್ಮವರ ಮಕ್ಕಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹಣಮಪ್ಪನ ಜೊತೆ ಸತ್ಯವ್ವ ಎರಡು ಸಲ ಮಾತಾಡಿದ್ದಾಳೆ. ಅವನು ಬಿಡಲಿಲ್ಲವೆಂದು ಅವಳೇ ನನ್ನ ಮನೆಗೆ ಬಂದು ಹೇಳಿ ಹೋದಳು. ದಾರಿ ಆಗುವುದಿಲ್ಲ.

ನಿನ್ನೆ ಮತಗಟ್ಟೆಯ ಬಾಗಿಲವರೆಗೆ ಮಾಯಾಳೊಂದಿಗೆ ಹೋದೆ. ಸಂಗಡಿಗರು ಯಾರು ಎಂದು ಅಧಿಕಾರಿ ಕೇಳಿದರು. ಈ ಸಲ ಯಾರೂ ಇಲ್ಲ ಎಂದೆ. ಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿರುತ್ತವೆ ಎಂದು ಕೇಳಿ ಗೊತ್ತಿತ್ತು. ಬಾಳವ್ವ ಇರುವವರೆಗೆ ಅದನ್ನು ಹುಡುಕುವ ಪ್ರಸಂಗ ಬಂದಿರಲಿಲ್ಲ, ನಾನು ಹೇಳುತ್ತಿದ್ದೆ, ಅವಳು ಒತ್ತುತ್ತಿದ್ದಳು. ಅಭ್ಯರ್ಥಿಗಳ ಹೆಸರಿದ್ದ ಬ್ರೈಲ್ ಹಾಳೆಯನ್ನೂ ಕೇಳಿ ಪಡೆದೆ. ಅವರ ಚೀಲದ ತಳದಿಂದ ಅದನ್ನು ಹುಡುಕಿ ತೆಗೆಯಲು ಹೊತ್ತು ಹಿಡಿಯಿತು. ಹಿಂದೆ ಸಾಲಿನಲ್ಲಿದ್ದವರು "ಲಗೂ ಮಾಡ್ರಿ ಮಾಸ್ತರ" ಎಂದು ಗೊಣಗಿದರು. ನಿಧಾನಕ್ಕೇ ಓದಿದೆ.

ಆಮೇಲೆ ಒಬ್ಬನೇ ಒಳಗೆ ಹೋದೆ. ಮೊಣಕಾಲು ಮೇಜಿಗೆ ತಾಗಿತು. ಅಂಕಿಗಳನ್ನು ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ಮುಟ್ಟಿ ನೋಡಿ ಗುಂಡಿ ಒತ್ತಿದೆ. ಯಂತ್ರ ಉದ್ದಕ್ಕೆ ಕೂಗಿತು. ಅದು ನಿಲ್ಲುವವರೆಗೆ ಬೆರಳು ತೆಗೆಯಲಿಲ್ಲ.

ಹೊರಗೆ ಬಂದು ಶಾಲೆಯ ಕಟ್ಟೆಯ ಮೇಲೆ ಕೂತೆ. ಯಾರಿಗೆ ಹಾಕಿದೆ, ಯಾಕೆ ಹಾಕಿದೆ ಎಂದು ಯಾರಿಗಾದರೂ ಹೇಳಬೇಕೆಂದು ಬಹಳ ಅನ್ನಿಸಿತು. ಮೊದಲು ಬಾಳವ್ವನಿಗೆ ಹೇಳುತ್ತಿದ್ದೆ, ಆಮೇಲೆ ನಿಮಗೆ. ಮಾಯಾ ಪಕ್ಕದಲ್ಲೇ ನಿಂತಿದ್ದಳು, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮನೆಗೆ ಬಂದು ಹಾಳೆ ಸಿಕ್ಕಿಸಿ ಮೊಳೆ ಹಿಡಿದಾಗ ಕೈ ತಾನಾಗಿಯೇ ಆ ಹೆಸರಿನ ಮೊದಲ ಅಕ್ಷರ ಒತ್ತಲು ಹೋಯಿತು.

ಪತ್ರ ಬರೆಯುತ್ತಿರಿ, ಓದುತ್ತೇನೆ. ಮತ ಯಾರಿಗೆ ಎಂಬುದನ್ನು ಮಾತ್ರ ಇನ್ನು ನಿಮಗೆ ಹೇಳುವುದಿಲ್ಲ.

ಪ್ರಭುದಾಸ